ಸಂಬಳದ ಜೊತೆಗೊಂದು ಕೆಲಸ: ಪ್ರೊಪ್ರೈಟರ್ ಆಗಿಯೇ ಉಳಿಯುವುದೋ, ಕಂಪನಿ ಮಾಡುವುದೋ?

ದಾವಣಗೆರೆಯಲ್ಲಿ ಸಂಬಳದ ಕೆಲಸ ಮುಗಿಸಿ ಸಂಜೆ ಮತ್ತೊಂದು ಕೆಲಸಕ್ಕೆ ಕೂರುವವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು ಮನೆ ಕಟ್ಟುವವರಿಗೆ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುತ್ತಾರೆ. ವಿದ್ಯಾನಗರದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವ ಹುಡುಗ ಭಾನುವಾರ ಚೌಕಿಪೇಟೆಯ ಬಟ್ಟೆ ಅಂಗಡಿಗೆ ವೆಬ್‌ಸೈಟ್ ಮಾಡುತ್ತಾನೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಲೆಕ್ಕಿಗರು ರಾತ್ರಿ ಇನ್ನೆರಡು ಅಂಗಡಿಗಳ ಪುಸ್ತಕ ಬರೆಯುತ್ತಾರೆ. ಈ ಎರಡನೆಯ ಆದಾಯ ಸ್ವಲ್ಪ ಬೆಳೆಯಿತೆಂದರೆ ಸಾಕು, ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರಿಗೆ ಕುಳಿತ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಒಂದು ಪ್ರೈವೇಟ್ ಲಿಮಿಟೆಡ್ ಮಾಡಿಬಿಡಿ, ತೆರಿಗೆ ಉಳಿಯುತ್ತದೆ."

ಉಳಿಯುವುದಿಲ್ಲ. ಬಹುತೇಕರಿಗೆ ತೆರಿಗೆ ಹೆಚ್ಚಾಗುತ್ತದೆ. ಕಂಪನಿ ಮಾಡಲು ಒಳ್ಳೆಯ ಕಾರಣಗಳು ಇವೆ, ಆದರೆ ಅವು ಬೇರೆ ಕಡೆ ಇವೆ: ನಿಮ್ಮ ಬಿಲ್ಲು ಯಾರಿಗೆ ಹೋಗುತ್ತದೆ, ಸಾಲದ ವ್ಯವಹಾರ ಎಷ್ಟಿದೆ, ಪಾಲುದಾರರು ಯಾರು. ಈ ಮೂರಕ್ಕೆ ಉತ್ತರ ಸಿಗುವವರೆಗೆ ಯಾವ ನೋಂದಣಿಗೂ ಹಣ ಕೊಡಬೇಡಿ ಎನ್ನುವುದು ನನ್ನ ಸಲಹೆ.

ಮೊದಲು ನೇಮಕಾತಿ ಪತ್ರ

ಯಾವ ದಾರಿ ಎಂದು ಯೋಚಿಸುವುದಕ್ಕೂ ಮುನ್ನ ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ಓದಿ. ರಾಜ್ಯ ಸರ್ಕಾರಿ ನೌಕರರಾದರೆ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ಪೂರ್ವಾನುಮತಿ ಇಲ್ಲದೆ ಖಾಸಗಿ ವ್ಯಾಪಾರ ಅಥವಾ ಉದ್ಯೋಗ ಮಾಡುವಂತಿಲ್ಲ. ಖಾಸಗಿ ಕಾಲೇಜು, ಸಾಫ್ಟ್‌ವೇರ್ ಕಂಪನಿಗಳ ಪತ್ರಗಳಲ್ಲೂ ಇಂಥ ಒಂದು ಷರತ್ತು ಸಾಮಾನ್ಯವಾಗಿ ಇರುತ್ತದೆ. ಸಾಫ್ಟ್‌ವೇರ್‌ನವರಿಗೆ ಇನ್ನೊಂದು ತೊಡಕೂ ಇದೆ. ನೌಕರಿಯಲ್ಲಿರುವಾಗ ಬರೆದ ಕೋಡ್ ಯಾರದ್ದು ಎಂಬ ಷರತ್ತನ್ನು ಎರಡು ಸಲ ಓದಬೇಕು.

ಕಂಪನಿ ಮಾಡಿದರೆ ಈ ವಿಷಯ ಮರೆಯಾಗುವುದಿಲ್ಲ, ಇನ್ನಷ್ಟು ಬಯಲಾಗುತ್ತದೆ. ಪ್ರೊಪ್ರೈಟರ್ ಹೆಸರು ಹುಡುಕಿದ ಕೂಡಲೇ ಸಿಗುವಂತಹ ಒಂದೇ ಪಟ್ಟಿ ಎಲ್ಲಿಯೂ ಇಲ್ಲ. ಕಂಪನಿಯ ನಿರ್ದೇಶಕರ ಹೆಸರುಗಳನ್ನೋ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಇದಕ್ಕೆ ನಮ್ಮ ಊರಿನಲ್ಲಿ ಪ್ರಚಲಿತವಾಗಿರುವ ಮದ್ದು ಒಂದಿದೆ: ಗಂಡ ದುಡಿಯುವುದು, ಬಿಲ್ಲು ಹೆಂಡತಿಯ ಹೆಸರಿನಲ್ಲಿ. ಆಕೆ ನಿಜವಾಗಿಯೂ ಆ ಕೆಲಸ ಬಲ್ಲವರಾಗಿ, ಮಾಡುತ್ತಿದ್ದರೆ ಅದರಲ್ಲಿ ತಪ್ಪೇನಿಲ್ಲ. ಹೆಸರಿಗಷ್ಟೇ ಆದರೆ ಆ ಆದಾಯವನ್ನು ಗಂಡನ ಆದಾಯಕ್ಕೇ ಸೇರಿಸಿ ತೆರಿಗೆ ಹಾಕಲು ಕಾಯ್ದೆಯಲ್ಲಿ ದಾರಿ ಇದೆ. ಸರ್ಕಾರಿ ನೌಕರರಾದರೆ ಇಲಾಖೆಗೂ ಉತ್ತರ ಕೊಡಬೇಕು.

ಇರುವ ದಾರಿಗಳು

ಪ್ರೊಪ್ರೈಟರ್ ಎಂದರೆ ನೀವೇ. ನಿಮ್ಮ ಪಾನ್, ನಿಮ್ಮ ಸಾಲ, ನಿಮ್ಮ ಹೊಣೆ. ಪ್ರತ್ಯೇಕ ನೋಂದಣಿ ಎಂಬುದೇ ಇಲ್ಲ, ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರವೋ ಜಿಎಸ್‌ಟಿ ನೋಂದಣಿಯೋ ಸಂಸ್ಥೆಯ ಗುರುತಾಗಿ ನಿಲ್ಲುತ್ತದೆ. ಪಾಲುದಾರಿಕೆ ಸಂಸ್ಥೆ 1932ರ ಕಾಯ್ದೆಯದ್ದು. ಮಂಡಿಪೇಟೆಯ ಹಳೆಯ ಅಂಗಡಿಗಳಿಗೆ ಇದು ಪರಿಚಿತ ರೂಪ. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, 2008ರ ಕಾಯ್ದೆಯಿಂದ ಬಂದದ್ದು, ಕನಿಷ್ಠ ಇಬ್ಬರು ಬೇಕು, ಹೊಣೆ ಸೀಮಿತ. ಏಕವ್ಯಕ್ತಿ ಕಂಪನಿ, ಅಂದರೆ ಎಲ್ಲರೂ ಒಪಿಸಿ ಎನ್ನುವುದು, 2013ರ ಕಂಪನಿ ಕಾಯ್ದೆಯ ಕೂಸು. ಒಬ್ಬರೇ ಸದಸ್ಯರು, ಅವರ ನಂತರಕ್ಕೊಬ್ಬ ನಾಮನಿರ್ದೇಶಿತರು. ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು. ಒಬ್ಬಂಟಿಯಾಗಿ ದುಡಿಯುವವರಿಗೆ ನಿಜವಾದ ಪೈಪೋಟಿ ಇರುವುದು ಪ್ರೊಪ್ರೈಟರ್ ಮತ್ತು ಒಪಿಸಿ ನಡುವೆ ಮಾತ್ರ. ಹೆಂಡತಿಯನ್ನೋ ತಮ್ಮನನ್ನೋ ಹೆಸರಿಗೆ ನಿರ್ದೇಶಕರಾಗಿ ಕೂರಿಸಿ ಪ್ರೈವೇಟ್ ಲಿಮಿಟೆಡ್ ಮಾಡುವುದು ಅವರ ತಲೆಗೂ ಹೊಣೆ ಕಟ್ಟಿದಂತೆ.

ತೆರಿಗೆಯ ಲೆಕ್ಕ, ಕಾಗದದ ಮೇಲೆ

ಒಬ್ಬ ಉಪನ್ಯಾಸಕರು ಎಂದಿಟ್ಟುಕೊಳ್ಳೋಣ. ವರ್ಷದ ಸಂಬಳ 10 ಲಕ್ಷ. ಕಾಲೇಜಿನ ಒಪ್ಪಿಗೆ ಪಡೆದು ಮಾಡುವ ಡ್ರಾಯಿಂಗ್ ಕೆಲಸದಿಂದ 8 ಲಕ್ಷ ಬರುತ್ತದೆ. ಅದಕ್ಕೆ ಸಾಫ್ಟ್‌ವೇರ್, ಸಹಾಯಕನ ಕೂಲಿ, ಪೆಟ್ರೋಲ್ ಎಲ್ಲ ಸೇರಿ ನಿಜವಾದ ಖರ್ಚು ಒಂದೂವರೆ ಲಕ್ಷ. ಸಂಬಳವಷ್ಟೇ ಇದ್ದರೆ, 2025ರ ಬಜೆಟ್‌ನ ಹೊಸ ಪದ್ಧತಿಯಲ್ಲಿ ಅವರಿಗೆ ತೆರಿಗೆಯೇ ಇಲ್ಲ. 75 ಸಾವಿರದ ಕಡಿತ ಕಳೆದರೆ ಉಳಿಯುವುದು 9.25 ಲಕ್ಷ, ವಿನಾಯಿತಿ ಇರುವುದು 12 ಲಕ್ಷದವರೆಗೆ.

ಪ್ರೊಪ್ರೈಟರ್ ಆಗಿ ಅವರಿಗೆ ಸಿಗುವ ದೊಡ್ಡ ಅನುಕೂಲ ಅಂದಾಜು ಆದಾಯದ ಸೌಲಭ್ಯ. ಹಳೆಯ ಕಾಯ್ದೆಯ 44ಎಡಿಎ ಕಲಮಿನ ಹೆಸರಿನಿಂದಲೇ ಆಡಿಟರ್‌ಗಳು ಇದನ್ನು ಇಂದಿಗೂ ಕರೆಯುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ಸೌಲಭ್ಯ ಉಳಿದಿದೆ. ಎಂಜಿನಿಯರಿಂಗ್, ವೈದ್ಯಕೀಯ, ವಕೀಲಿ, ಲೆಕ್ಕಪತ್ರ, ವಾಸ್ತುಶಿಲ್ಪ, ಒಳಾಂಗಣ ವಿನ್ಯಾಸ, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನದಂತಹ ನಿಗದಿತ ವೃತ್ತಿಯವರು ಬಂದ ಹಣದ ಕನಿಷ್ಠ ಅರ್ಧವನ್ನು ಆದಾಯವೆಂದು ತೋರಿಸಿದರೆ ಖರ್ಚಿನ ಪುಸ್ತಕ ಇಡಬೇಕಿಲ್ಲ, ಆಡಿಟ್ ಬೇಕಿಲ್ಲ. ಮಿತಿ 50 ಲಕ್ಷ. ನಗದಿನಲ್ಲಿ ಬಂದದ್ದು ಶೇ 5ರೊಳಗಿದ್ದರೆ 75 ಲಕ್ಷ. ಮುಂಗಡ ತೆರಿಗೆಯನ್ನೂ ನಾಲ್ಕು ಕಂತಿನ ಬದಲು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ಫೋಟೊ ಸ್ಟುಡಿಯೊ, ಮುದ್ರಣದಂತಹ ವ್ಯಾಪಾರಗಳಿಗೆ ಬೇರೆಯೇ ಒಂದು ಅಂದಾಜು ಪದ್ಧತಿ ಇದೆ, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಕನಿಷ್ಠ ಶೇ 6, ನಗದಿಗೆ ಶೇ 8. ಇವೆರಡೂ ಕಂಪನಿಗೆ ಇಲ್ಲ, ಎಲ್‌ಎಲ್‌ಪಿಗೂ ಇಲ್ಲ.

ಈಗ ನಮ್ಮ ಉಪನ್ಯಾಸಕರ ಲೆಕ್ಕ. 8 ಲಕ್ಷದ ಅರ್ಧ 4 ಲಕ್ಷ ಸೇರಿ ಒಟ್ಟು 13.25 ಲಕ್ಷ. ತೆರಿಗೆ ಸೆಸ್ ಸೇರಿ 81,900 ರೂಪಾಯಿ. ಖರ್ಚು, ತೆರಿಗೆ ಕಳೆದು ಉಪವೃತ್ತಿಯಿಂದ ಕೈಯಲ್ಲಿ ಉಳಿಯುವುದು ಸುಮಾರು 5.68 ಲಕ್ಷ.

ಅದೇ ಕೆಲಸಕ್ಕೆ ಒಪಿಸಿ ಮಾಡಿದರು ಎನ್ನಿ. ಆಡಿಟ್, ಅರ್ಜಿ ಸಲ್ಲಿಕೆ ಎಲ್ಲಕ್ಕೂ ವರ್ಷಕ್ಕೆ 30 ಸಾವಿರ ಹಿಡಿಯೋಣ. ಲಾಭ 6.2 ಲಕ್ಷ. ಕಡಿಮೆ ದರ ಆಯ್ದುಕೊಂಡ ಕಂಪನಿಗೂ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ ಶೇ 25ಕ್ಕೆ ತುಸು ಮೇಲೆ, ಅಂದರೆ 1.56 ಲಕ್ಷ. ಅದು ಕಟ್ಟಿದ ಮೇಲೂ ಹಣ ಕಂಪನಿಯದ್ದೇ, ಮನೆಗೆ ತರಬೇಕಾದರೆ ಲಾಭಾಂಶವಾಗಿ ತರಬೇಕು, ಅದಕ್ಕೆ ಅವರ ಕೈಯಲ್ಲಿ ಮತ್ತೊಮ್ಮೆ ತೆರಿಗೆ. ಎಲ್ಲ ಕಳೆದರೆ ಸುಮಾರು 3.72 ಲಕ್ಷ. ಲಾಭಾಂಶದ ಬದಲು ಪೂರ್ತಿಯನ್ನೂ ನಿರ್ದೇಶಕರ ಸಂಬಳವಾಗಿ ತೆಗೆದುಕೊಂಡರೆ ಕಂಪನಿಯ ತೆರಿಗೆ ತಪ್ಪುತ್ತದೆ, ಆಗ ಉಳಿಯುವುದು ಸುಮಾರು 5.04 ಲಕ್ಷ. ಆದರೂ ಪ್ರೊಪ್ರೈಟರ್‌ಗಿಂತ 60 ಸಾವಿರಕ್ಕೂ ಹೆಚ್ಚು ಕಡಿಮೆ, ಮೇಲೆ ಎರಡು ಕಡೆ ಸಂಬಳ ತೋರಿಸುವ ತಲೆಬಿಸಿ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಲೆಕ್ಕ ತಿರುಗುವುದು ಯಾವಾಗ? ನಿಮ್ಮ ಒಟ್ಟು ಆದಾಯ 24 ಲಕ್ಷ ದಾಟಿ ಶೇ 30ರ ಹಂತಕ್ಕೆ ಹೋಗಿ, ಉಪವೃತ್ತಿಯ ಹಣ ಮನೆ ಖರ್ಚಿಗೆ ಬೇಡವಾಗಿ, ಅದನ್ನು ಅಲ್ಲೇ ಬಿಟ್ಟು ವ್ಯವಹಾರ ಬೆಳೆಸುವ ಯೋಜನೆ ಇದ್ದಾಗ. ಅಥವಾ ಅಂದಾಜು ಆದಾಯದ ಮಿತಿಯನ್ನೇ ಮೀರಿದಾಗ. ಸಂಜೆ ಎರಡು ಗಂಟೆ ಕೂರುವವರಲ್ಲಿ ಅಂಥವರು ಎಷ್ಟು ಮಂದಿ ಎಂದು ನೀವೇ ಎಣಿಸಿ.

ಸೀಮಿತ ಹೊಣೆ ಎಷ್ಟು ಸೀಮಿತ?

ಕಂಪನಿಯ ಪರ ಹೇಳುವ ಎರಡನೆಯ ಮಾತು ಇದು. ಕಂಪನಿ ಮುಳುಗಿದರೆ ನಿಮ್ಮ ಮನೆ, ಸೈಟು ಉಳಿಯುತ್ತವೆ ಎನ್ನುತ್ತಾರೆ. ಕಾನೂನಿನ ಮಾತು ಸರಿಯೇ, ಆದರೆ ಯಾವ ಸಾಲಕ್ಕೆ ಎಂದು ಕೇಳಬೇಕು. ಕಾಗದ ಉದ್ದರಿ ತಂದು ಮುದ್ರಿಸುವವರು, ಕೆಲಸಗಾರರನ್ನು ಇಟ್ಟುಕೊಂಡವರು, ದೊಡ್ಡ ಮುಂಗಡ ಪಡೆದು ಸಾಮಗ್ರಿ ಪೂರೈಸುವವರಿಗೆ ಈ ಗೋಡೆ ನಿಜವಾದ ರಕ್ಷಣೆ. ಬೌದ್ಧಿಕ ದುಡಿಮೆಯವರಿಗೆ ಅಷ್ಟಿಲ್ಲ. ಡ್ರಾಯಿಂಗ್ ಮೇಲೆ ಸಹಿ ಹಾಕಿದ ಎಂಜಿನಿಯರ್‌ನ ನಿರ್ಲಕ್ಷ್ಯದಿಂದ ತಾರಸಿ ಬಿರುಕು ಬಿಟ್ಟರೆ, ಸಹಿ ಹಾಕಿದವರು ವೈಯಕ್ತಿಕವಾಗಿ ಉತ್ತರಿಸಬೇಕಾಗುತ್ತದೆ. ಮುಂದೆ ಒಪಿಸಿಯ ಬೋರ್ಡು ಇದೆಯೆಂದು ಆ ಹೊಣೆ ಕಳಚುವುದಿಲ್ಲ. ಬ್ಯಾಂಕಿನವರೂ ಬುದ್ಧಿವಂತರು, ಸಣ್ಣ ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಖಾತರಿಯನ್ನು ಕೇಳಿಯೇ ಕೇಳುತ್ತಾರೆ. ಅದಕ್ಕೆ ಸಹಿ ಹಾಕಿದ ದಿನವೇ ಆ ಸಾಲದ ಮಟ್ಟಿಗೆ ಗೋಡೆ ಬಿತ್ತು.

ನನ್ನ ಅಭಿಪ್ರಾಯದಲ್ಲಿ ವೃತ್ತಿಪರರಿಗೆ ಇದಕ್ಕಿಂತ ಅಗ್ಗವಾದ ಎರಡು ರಕ್ಷಣೆಗಳಿವೆ. ಒಂದು, ವೃತ್ತಿ ಹೊಣೆಗಾರಿಕೆಯ ವಿಮೆ. ಇನ್ನೊಂದು, ಪ್ರತಿ ಕೆಲಸಕ್ಕೂ ಒಂದು ಪುಟದ ಒಪ್ಪಂದ. ಏನು ಮಾಡಿಕೊಡುತ್ತೇನೆ, ಎಷ್ಟು ಸಲ ತಿದ್ದುತ್ತೇನೆ, ನಷ್ಟವಾದರೆ ನನ್ನ ಹೊಣೆ ಪಡೆದ ಶುಲ್ಕವನ್ನು ಮೀರುವುದಿಲ್ಲ ಎಂಬ ಮೂರು ಸಾಲು ಅದರಲ್ಲಿರಲಿ. ಪರಿಚಯದವರ ಕೆಲಸಕ್ಕೆ ಒಪ್ಪಂದ ಕೇಳಲು ನಮ್ಮವರಿಗೆ ಸಂಕೋಚ. ಜಗಳ ಶುರುವಾಗುವುದೂ ಹೆಚ್ಚಾಗಿ ಅಲ್ಲಿಂದಲೇ.

ಕಂಪನಿ ಮಾಡಿದ ಮೇಲಿನ ವರ್ಷ

ನೋಂದಣಿ ಕಷ್ಟವಲ್ಲ, ಬೆಂಗಳೂರಿಗೆ ಹೋಗಬೇಕಾಗಿಲ್ಲ, ಎಲ್ಲ ಆನ್‌ಲೈನ್. 15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ (ಕಂಪನಿ ಎತ್ತಬಹುದಾದ ಷೇರು ಬಂಡವಾಳದ ಗರಿಷ್ಠ ಮಿತಿ) ಕೇಂದ್ರದ ನೋಂದಣಿ ಶುಲ್ಕ ಶೂನ್ಯ, ಮುದ್ರಾಂಕ ಶುಲ್ಕ ಬೇರೆ. ಮೊದಲ ಅಡ್ಡಿ ಬರುವುದು ವಿಳಾಸದಲ್ಲಿ. ನೋಂದಾಯಿತ ಕಚೇರಿಗೆ ಬೆಸ್ಕಾಂ ಬಿಲ್ಲಿನಂತಹ, ಎರಡು ತಿಂಗಳಿಗಿಂತ ಹಳೆಯದಲ್ಲದ ಪುರಾವೆ ಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರವೂ ಬೇಕು. "ಕಂಪನಿ" ಎಂಬ ಪದ ಕೇಳಿದೊಡನೆ ಮನೆ ಮಾಲೀಕರಿಗೆ ವಾಣಿಜ್ಯ ದರದ ಕರೆಂಟ್ ಬಿಲ್ಲು, ಹೆಚ್ಚಿನ ಆಸ್ತಿ ತೆರಿಗೆ, ಮನೆ ಬಿಡಿಸಲು ಆಗದ ಬಾಡಿಗೆದಾರ, ಎಲ್ಲವೂ ಒಟ್ಟಿಗೇ ಕಣ್ಣಮುಂದೆ ಬರುತ್ತವೆ. ಸ್ವಂತ ಮನೆ ಇಲ್ಲದವರು ಹೆಸರು ಆರಿಸುವ ಮೊದಲು ಈ ಮಾತು ಮುಗಿಸಿಕೊಳ್ಳಲಿ.

ಆಮೇಲೆ ಬೋರ್ಡು. ಕಚೇರಿಯ ಹೊರಗೆ, ಅದು ಮನೆಯ ಗೇಟೇ ಆಗಿದ್ದರೂ, ಕಂಪನಿಯ ಹೆಸರು ಮತ್ತು ವಿಳಾಸ ಕಾಣುವಂತೆ ಇರಬೇಕು. ಇಂಗ್ಲಿಷಿನಲ್ಲಿ ಬರೆಸಿದರೆ ಸ್ಥಳೀಯ ಲಿಪಿಯಲ್ಲೂ, ಅಂದರೆ ನಮ್ಮಲ್ಲಿ ಕನ್ನಡದಲ್ಲೂ ಬರೆಸಬೇಕು. ಒಪಿಸಿಯಾದರೆ ಹೆಸರಿನ ಕೆಳಗೆ ಕಂಸದಲ್ಲಿ 'ಒನ್ ಪರ್ಸನ್ ಕಂಪನಿ' ಎಂದು ಇರಲೇಬೇಕು. ಬಿಲ್ಲಿನಲ್ಲೂ ಲೆಟರ್‌ಹೆಡ್‌ನಲ್ಲೂ ಅಷ್ಟೇ. ದೊಡ್ಡ ಸಂಸ್ಥೆಯಂತೆ ಕಾಣಬೇಕೆಂದು ಕಂಪನಿ ಮಾಡಿದವರು ಪ್ರತಿ ಬಿಲ್ಲಿನಲ್ಲೂ "ನಾನೊಬ್ಬನೇ" ಎಂದು ಅಚ್ಚು ಹಾಕಿಸಬೇಕಾಗುತ್ತದೆ ಎಂಬುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ.

30 ದಿನದೊಳಗೆ ಆಡಿಟರ್ ನೇಮಕ. 180 ದಿನದೊಳಗೆ ವ್ಯವಹಾರ ಆರಂಭದ ಘೋಷಣೆ. ವಹಿವಾಟು ಶೂನ್ಯವಿದ್ದರೂ ಪ್ರತಿ ವರ್ಷ ಆಡಿಟ್ ಆಗಬೇಕು, ಲೆಕ್ಕಪತ್ರ ಮತ್ತು ವಾರ್ಷಿಕ ವಿವರ ಎಂಬ ಎರಡು ನಮೂನೆಗಳನ್ನು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು, ಕಂಪನಿಯ ಆದಾಯ ತೆರಿಗೆ ರಿಟರ್ನ್ ಬೇರೆ, ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಬೇರೆ. ರಿಜಿಸ್ಟ್ರಾರ್‌ಗೆ ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ ದಂಡ ಶುಲ್ಕ, ಅದಕ್ಕೆ ಮೇಲಿನ ಮಿತಿ ಇಲ್ಲ. ಎರಡೂ ಒಂದು ವರ್ಷ ತಡವಾದರೆ 73 ಸಾವಿರ. ಮೂರು ವರ್ಷ ಸತತವಾಗಿ ಸಲ್ಲಿಸದಿದ್ದರೆ ಐದು ವರ್ಷ ನಿರ್ದೇಶಕರಾಗಲು ಅನರ್ಹತೆ. ಪ್ರೊಪ್ರೈಟರ್ ಒಂದು ವರ್ಷ ಕೆಲಸ ಸಿಗದೆ ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ, ಜಿಎಸ್‌ಟಿ ಪಡೆದಿದ್ದರೆ ಶೂನ್ಯ ರಿಟರ್ನ್ ಹಾಕಿದರೆ ಸಾಕು.

ಕಂಪನಿಯೇ ಬೇಕಿಲ್ಲದ ಕೆಲವು

ಜಿಎಸ್‌ಟಿಗೂ ಕಂಪನಿಗೂ ಸಂಬಂಧವಿಲ್ಲ. ಸೇವೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವಹಿವಾಟಿನ ಮಿತಿ ವರ್ಷಕ್ಕೆ 20 ಲಕ್ಷ. ಹೊರರಾಜ್ಯದ ಗ್ರಾಹಕರಿಗೆ ಸೇವೆ ಕೊಟ್ಟರೂ ಅದೇ ಮಿತಿ. ಇಲ್ಲೊಂದು ಎಚ್ಚರಿಕೆ: ಮಿತಿಯನ್ನು ಪಾನ್ ಮೇಲೆ ಎಣಿಸುತ್ತಾರೆ. ತಂದೆಯಿಂದ ಬಂದ ಮಂಡಿಪೇಟೆಯ ಮಳಿಗೆಯ ಬಾಡಿಗೆ ನಿಮ್ಮ ಹೆಸರಿಗೆ ಬರುತ್ತಿದ್ದರೆ ಅದೂ ಈ 20 ಲಕ್ಷದೊಳಗೆ ಸೇರುತ್ತದೆ. ಸಂಬಳ ಸೇರುವುದಿಲ್ಲ.

ಹಣ ಬೇಗ ಬರಲಿ ಎಂದು ಕಂಪನಿ ಮಾಡುವವರೂ ಇದ್ದಾರೆ. ಅದಕ್ಕೆ ಬೇಕಾದದ್ದು ಉದ್ಯಮ್ ನೋಂದಣಿ. ಆಧಾರ್, ಪಾನ್ ಇದ್ದರೆ ಸಾಕು, ಸರ್ಕಾರಿ ಜಾಲತಾಣದಲ್ಲಿ ಉಚಿತ. ಸಾವಿರಾರು ರೂಪಾಯಿ ಕೇಳುವ ಅದೇ ಹೋಲಿಕೆಯ ಖಾಸಗಿ ತಾಣಗಳಿಂದ ದೂರವಿರಿ. ಉದ್ಯಮ್ ಇರುವ ಸೂಕ್ಷ್ಮ, ಸಣ್ಣ ಪೂರೈಕೆದಾರರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡಮಾಡಿದ ಖರೀದಿದಾರರಿಗೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯಲು ಬಿಡದ ನಿಯಮ 2024–25ರ ತೆರಿಗೆ ನಿರ್ಧರಣಾ ವರ್ಷದಿಂದ ಬಂದಿದೆ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ, ಮಾರ್ಚ್ ಬಂತೆಂದರೆ ಅವರ ಆಡಿಟರೇ ನಿಮಗೆ ಫೋನ್ ಮಾಡಿಸುತ್ತಾರೆ. ಬ್ಯಾಂಕಿನಲ್ಲಿ ಸಂಸ್ಥೆಯ ಹೆಸರಿಗೆ ಕರೆಂಟ್ ಅಕೌಂಟ್ ತೆರೆಯುವಾಗಲೂ ಇದೇ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ.

ಹೆಸರು ಕಾಪಾಡಿಕೊಳ್ಳುವುದಕ್ಕೆ ಟ್ರೇಡ್‌ಮಾರ್ಕ್ ಇದೆ. ಕಂಪನಿ ನೋಂದಣಿಯಿಂದ ಟ್ರೇಡ್‌ಮಾರ್ಕ್ ಹಕ್ಕು ಸಿಗುವುದಿಲ್ಲ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ.

ಕಂಪನಿ ಮಾಡಲೇಬೇಕಾದವರು

ಬೆಂಗಳೂರಿನ ಅಥವಾ ವಿದೇಶದ ಗ್ರಾಹಕರು "ವ್ಯಕ್ತಿಗಳ ಜೊತೆ ವ್ಯವಹರಿಸುವುದಿಲ್ಲ, ಕಂಪನಿ ಬೇಕು" ಎಂದು ಬರೆದು ಹೇಳಿದರೆ, ಆ ಒಂದು ಒಪ್ಪಂದದ ಮೊತ್ತ ಮೇಲಿನ ಖರ್ಚುಗಳನ್ನೆಲ್ಲ ಮೀರಿದರೆ, ಮಾಡಿ. "ಮುಂದೆ ಕೇಳಬಹುದು" ಎಂಬ ಊಹೆಗೆ ಮಾಡಬೇಡಿ. ಚೌಕಿಪೇಟೆಯ ಅಂಗಡಿಯವರು, ಮಂಡಕ್ಕಿ ಭಟ್ಟಿಯವರು, ಎಪಿಎಂಸಿಯ ದಲಾಲರು ನಿಮ್ಮ ಕಂಪನಿಯ ನೋಂದಣಿ ಸಂಖ್ಯೆ ಕೇಳುವವರಲ್ಲ. ಅವರು ಕೇಳುವುದು "ಯಾರ ಮಗ?" ಎಂದು.

ಹೊರಗಿನವರಿಂದ ಬಂಡವಾಳ ತರುವ ಯೋಚನೆಯಿದ್ದರೆ ನೇರವಾಗಿ ಪ್ರೈವೇಟ್ ಲಿಮಿಟೆಡ್. ಒಪಿಸಿಯಲ್ಲಿ ಎರಡನೆಯ ಷೇರುದಾರರಿಗೆ ಜಾಗವಿಲ್ಲ. ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆಯೂ ಪ್ರೊಪ್ರೈಟರ್‌ಗೆ ದೊರೆಯುವುದಿಲ್ಲ. ಡ್ರಾಯಿಂಗ್, ಲೆಕ್ಕ, ವಿನ್ಯಾಸದಂತಹ ಸೇವೆ ಮಾರುವವರಿಗೆ ಇದು ದೂರದ ಮಾತು, ಸ್ವಂತ ಸಾಫ್ಟ್‌ವೇರ್ ಉತ್ಪನ್ನ ಕಟ್ಟುತ್ತಿರುವ ಹುಡುಗರಿಗೆ ಹತ್ತಿರದ್ದು.

ಪಾಲುದಾರರು ಇದ್ದರೆ ಪ್ರಶ್ನೆಯೇ ಬೇರೆ. ಇಬ್ಬರು ಸ್ನೇಹಿತರು ಒಬ್ಬನ ಪಾನ್ ಮೇಲೆ ಬಿಲ್ಲು ಮಾಡಿ, ಬಂದ ಹಣವನ್ನು ಫೋನ್‌ಪೇನಲ್ಲಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ವ್ಯವಸ್ಥೆ. ತೆರಿಗೆ ಒಬ್ಬನ ತಲೆಗೆ, ಜಗಳ ಇಬ್ಬರಿಗೂ. ಪಾಲುದಾರಿಕೆ ಪತ್ರ ಮಾಡಿಸಿ ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಾಯಿಸದ ಸಂಸ್ಥೆ ತನ್ನ ಬಾಕಿಗಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾರದು. ಹೊಣೆ ಸೀಮಿತವಾಗಿರಬೇಕಾದರೆ ಎಲ್‌ಎಲ್‌ಪಿ ನೋಡಿ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ಮೀರದಿದ್ದರೆ ಅದರ ಕಾಯ್ದೆಯಡಿ ಆಡಿಟ್ ಇಲ್ಲ. ವರ್ಷಕ್ಕೆ ಮೇ 30ಕ್ಕೊಂದು, ಅಕ್ಟೋಬರ್ 30ಕ್ಕೊಂದು ನಮೂನೆ. ತೆರಿಗೆ ಪಾಲುದಾರಿಕೆ, ಎಲ್‌ಎಲ್‌ಪಿ ಎರಡಕ್ಕೂ ಸಪಾಟು ಶೇ 30 ಮತ್ತು ಸೆಸ್, ಲಾಭದ ಪಾಲು ಮನೆಗೆ ತಂದಾಗ ಮತ್ತೆ ತೆರಿಗೆಯಿಲ್ಲ. ಇಬ್ಬರೂ ಸಂಬಳದವರಾಗಿದ್ದರೆ ನಾನು ಪ್ರೈವೇಟ್ ಲಿಮಿಟೆಡ್‌ಗಿಂತ ಎಲ್‌ಎಲ್‌ಪಿಯನ್ನೇ ಹೇಳುತ್ತೇನೆ.

ಬದಲಾಯಿಸುವಾಗ, ಮುಚ್ಚುವಾಗ

ಕಂಪನಿ ಮಾಡುವುದೆಂದು ತೀರ್ಮಾನವಾದರೆ ಏಪ್ರಿಲ್ 1ಕ್ಕೆ ಸರಿಹೊಂದಿಸಿಕೊಳ್ಳಿ. ಪಾನ್ ಹೊಸದು, ಬ್ಯಾಂಕ್ ಖಾತೆ ಹೊಸದು, ಜಿಎಸ್‌ಟಿ ಹೊಸದು, ಉದ್ಯಮ್ ಹೊಸದು. ವರ್ಷದ ನಡುವೆ ಬದಲಾಯಿಸಿದರೆ ಅರ್ಧ ಟಿಡಿಎಸ್ (ಗ್ರಾಹಕರು ಮುರಿದುಕೊಂಡು ಕಟ್ಟುವ ತೆರಿಗೆ) ಹಳೆಯ ಪಾನ್‌ಗೆ, ಅರ್ಧ ಹೊಸದಕ್ಕೆ ಜಮೆಯಾಗಿ ಗ್ರಾಹಕರ ಲೆಕ್ಕ ವಿಭಾಗದವರ ಹಿಂದೆ ಅಲೆಯಬೇಕಾಗುತ್ತದೆ. ಹಳೆಯ ಬಿಲ್ಲುಗಳ ಹಣ ಪೂರ್ತಿ ಬರುವವರೆಗೆ ಹಳೆಯ ಖಾತೆ ಮುಚ್ಚಬೇಡಿ.

ಯಾರದೋ ಮಾತು ಕೇಳಿ ಈಗಾಗಲೇ ಕಂಪನಿ ಮಾಡಿ, ವ್ಯವಹಾರ ಮಾತ್ರ ಸ್ವಂತ ಪಾನ್‌ನಲ್ಲೇ ನಡೆಸುತ್ತಿರುವವರೂ ಇದ್ದಾರೆ. ಅವರು ಸುಮ್ಮನಿದ್ದಷ್ಟು ದಿನವೂ ನೂರು ನೂರು ರೂಪಾಯಿ ಏರುತ್ತಲೇ ಇರುತ್ತದೆ. ಎರಡು ವರ್ಷದಿಂದ ವ್ಯವಹಾರವಿಲ್ಲದ ಕಂಪನಿಯನ್ನು ದಾಖಲೆಯಿಂದ ತೆಗೆಸಲು ಅರ್ಜಿ ಹಾಕಬಹುದು, ಶುಲ್ಕ 10,000 ರೂಪಾಯಿ. ಅದಕ್ಕೆ ಮುಂಚೆ ಬಾಕಿ ನಮೂನೆಗಳನ್ನೆಲ್ಲ ಸಲ್ಲಿಸಿ, ಕಂಪನಿಯ ಬ್ಯಾಂಕ್ ಖಾತೆ ಮುಚ್ಚಿ, ಜಿಎಸ್‌ಟಿ ಸಂಖ್ಯೆ ಇದ್ದರೆ ಅದನ್ನೂ ರದ್ದು ಮಾಡಿಸಿಕೊಂಡಿರಬೇಕು. ಆಡಿಟರ್ ಬಳಿ ಹೋಗುವಾಗ ನೋಂದಣಿ ಪತ್ರ, ಖಾತೆಯ ಪೂರ್ತಿ ವಿವರ, ನಿಮ್ಮ ಡಿಜಿಟಲ್ ಸಹಿಯ ಟೋಕನ್, ಮೂರನ್ನೂ ಒಯ್ಯಿರಿ. ಟೋಕನ್‌ನ ಅವಧಿ ಮುಗಿದಿದ್ದರೆ ಮೊದಲು ಅದನ್ನು ನವೀಕರಿಸಿಕೊಳ್ಳಿ, ಅದಿಲ್ಲದೆ ಒಂದು ನಮೂನೆಯೂ ಮುಂದೆ ಹೋಗುವುದಿಲ್ಲ.